ಹೈಫನ್ ಮೇಷ್ಟ್ರು

ಬಡಾವಣೆಗೆ ಒಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ನಮ್ಮಲ್ಲಿರುವವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅಪ್ಪ-ಅಮ್ಮ ಇಟ್ಟ ಹೆಸರು ಏನೋ ಇದೆ, ಜನ ಕರೆಯುವುದು ಮಾತ್ರ ಹೈಫನ್ ಮೇಷ್ಟ್ರು ಎಂದೇ. ಜೇಬಿನಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ರಟ್ಟು ಕಿತ್ತುಹೋದ ರೆನ್ ಅಂಡ್ ಮಾರ್ಟಿನ್. ಮದುವೆಯ ಕರೆಯೋಲೆ ಕೊಟ್ಟರೆ ಮುಹೂರ್ತ ನೋಡುವುದಿಲ್ಲ, ‘ಸನ್-ಇನ್-ಲಾ’ದಲ್ಲಿ ಎರಡು ಗೆರೆ ಬಿದ್ದಿವೆಯೇ ಎಂದು ನೋಡುತ್ತಾರೆ. ಬಿದ್ದಿರದಿದ್ದರೆ, “ಸಂಬಂಧವೇ ಕೂಡಿಲ್ಲವಲ್ರೀ!” ಎಂದು ಹುಡುಗಿಯ ತಂದೆಯ ಎದೆ ನಡುಗಿಸುತ್ತಾರೆ.

ಮೊನ್ನೆ ಬಡಾವಣೆ ಸಂಘದ ಸಭೆ. ಹಿಂದಿನ ಸಭೆಗೆ ‘ಟ್ವೆಂಟಿ ಆಡ್ ಮೆಂಬರ್ಸ್’ ಬಂದಿದ್ದರೆಂದು ನಡಾವಳಿಯಲ್ಲಿ ಬರೆದಿತ್ತು. ಮೇಷ್ಟ್ರು ಎದ್ದು ನಿಂತರು. ನೀರಿನ ಟ್ಯಾಂಕರ್ ವಿಷಯ ಮೂಲೆಗೆ ಬಿತ್ತು.

“ಟ್ವೆಂಟಿಗೂ ಆಡ್‌ಗೂ ನಡುವೆ ಹೈಫನ್ ಎಲ್ರೀ? ಅದಿದ್ದರೆ ಇಪ್ಪತ್ತು ಚಿಲ್ಲರೆ ಜನ. ಇಲ್ಲದಿದ್ದರೆ ಇಪ್ಪತ್ತು ವಿಚಿತ್ರ ಪ್ರಾಣಿಗಳು!”

ಕಾರ್ಯದರ್ಶಿ ಕೂತವರ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ, “ಇದ್ದ ಹಾಗೇ ಇರಲಿ ಸಾರ್, ಸುಳ್ಳು ಬರೆದ ಹಾಗೇನೂ ಆಗಲ್ಲ” ಎಂದರು.

ಹಾಗೆ ನೋಡಿದರೆ ಮೇಷ್ಟ್ರ ಮಾತು ತಪ್ಪಲ್ಲ. ‘ಮ್ಯಾನ್-ಈಟಿಂಗ್ ಟೈಗರ್’ ಎಂದರೆ ನರಭಕ್ಷಕ ಹುಲಿ. ಗೆರೆ ಅಳಿಸಿದರೆ ಹುಲಿಯನ್ನೇ ತಿನ್ನುತ್ತಾ ಕೂತ ಮನುಷ್ಯನೂ ಆಗಬಹುದು. ‘ರಿ-ಸೈನ್’ ಎಂದರೆ ಮತ್ತೆ ಸಹಿ ಹಾಕುವುದು, ‘ರಿಸೈನ್’ ಎಂದರೆ ರಾಜೀನಾಮೆ. ಕರಾರು ಮುಂದುವರಿಸಿ ಎಂದು ಅರ್ಜಿ ಹಾಕಿದ ಗುತ್ತಿಗೆ ಗುಮಾಸ್ತನೊಬ್ಬ ಗೆರೆ ಮರೆತದ್ದಕ್ಕೆ ಕಚೇರಿಯವರು ಹಾರ ಹಾಕಿ ಕಳಿಸಿಬಿಟ್ಟರಂತೆ. ಇದು ನಡೆದದ್ದೋ, ಮಕ್ಕಳಿಗೆ ವ್ಯಾಕರಣ ತಲೆಗೆ ಹತ್ತಲೆಂದು ಮೇಷ್ಟ್ರು ಕಟ್ಟಿದ್ದೋ, ದೇವರೇ ಬಲ್ಲ.

1962ರಲ್ಲಿ ಶುಕ್ರಗ್ರಹದ ಕಡೆ ಹೊರಟ ಅಮೆರಿಕದ ಮ್ಯಾರಿನರ್-1 ದಾರಿ ತಪ್ಪಿ, ಹಾರಿದ ಐದು ನಿಮಿಷದೊಳಗೆ ಅದನ್ನು ಸಿಡಿಸಬೇಕಾಯಿತಲ್ಲ, ಆ ಕಥೆ ಅವರಿಗೆ ಸತ್ಯನಾರಾಯಣ ಕಥೆಯಿದ್ದಂತೆ. ಒಂದು ಹೈಫನ್ ಬಿಟ್ಟುಹೋಗಿ ಹೀಗಾಯಿತೆಂದು ಆಗ ಸುದ್ದಿಯಾಗಿತ್ತು. “ಬಿಟ್ಟುಹೋದದ್ದು ಹೈಫನ್ ಅಲ್ಲಪ್ಪ, ಅಕ್ಷರದ ತಲೆಮೇಲಿನ ಗೆರೆಯಂತೆ” ಎಂದು ಎಂಜಿನಿಯರ್ ಮಗ ತಿದ್ದಲು ಹೋದ. “ತಲೆ ಮೇಲೆ ಹತ್ತಿ ಕೂತರೂ ಗೆರೆ ಗೆರೆಯೇ ಕಣೋ” ಎಂದು ಗದರಿಸಿಕೊಂಡ.

ಅವರ ಜೀವನದ ದೊಡ್ಡ ಆಘಾತ 2007ರದ್ದು. ಆ ವರ್ಷ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಸುಮಾರು 16,000 ಹೈಫನ್‌ಗಳನ್ನು ಕಿತ್ತುಹಾಕಿತು. ಅವಸರದಲ್ಲಿ ಇ-ಮೇಲ್ ಬಡಿಯುವ ಜನ ಆ ಗೆರೆಗೆ ಬೆರಳು ಚಾಚಲು ಬೇಸರಪಡುತ್ತಾರೆ ಎನ್ನುವುದೂ ಒಂದು ಕಾರಣವಂತೆ. ‘ಐಸ್-ಕ್ರೀಮ್’ ಒಡೆದು ಎರಡಾಯಿತು, ‘ಪಿಜನ್-ಹೋಲ್’ ಕೂಡಿ ಒಂದಾಯಿತು, ‘ಪಾಟ್-ಬೆಲಿ’ಯ ಗೆರೆಯೂ ಹೋಯಿತು. ಮೇಷ್ಟ್ರ ಬೊಜ್ಜು ಮಾತ್ರ ಇದ್ದಲ್ಲೇ ಇದೆ. ಪತ್ರಿಕೆಯ ಆ ಸುದ್ದಿಯನ್ನು ಕತ್ತರಿಸಿ, ತೀರಿಹೋದವರ ಫೋಟೊ ಇಡುವ ಡ್ರಾಯರಿನಲ್ಲಿ ಇಟ್ಟಿದ್ದಾರೆ.

ಅಂಗಡಿಯವರಿಗೆ ಇವರನ್ನು ಕಂಡರೆ ನಡುಕ; ಮನೆಯವರಿಗೆ ಇಲ್ಲ. ಹೋದ ವಾರ ಅವರ ಶ್ರೀಮತಿ ‘ಹಳೆ ಅಕ್ಕಿ ಚೀಲ ಒಂದು’ ಎಂದು ಚೀಟಿ ಬರೆದುಕೊಟ್ಟಿದ್ದರು. ಮೇಷ್ಟ್ರು ದಿನಸಿ ಅಂಗಡಿಯ ಮುಂದೆ ನಿಂತು ಫೋನ್ ಮಾಡಿದರು: “ಹಳೆಯದು ಅಕ್ಕಿಯೋ, ಚೀಲವೋ? ಹೈಫನ್ ಇಲ್ಲದೆ ನಾನು ಏನಂತ ತಿಳ್ಕೊಳ್ಳಲಿ?”

ಆ ಕಡೆಯಿಂದ ಬಂದ ಉತ್ತರ ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು: “ಅದನ್ನ ತರೋಕೆ ಹೋಗಿರೋರು! ಒಲೆ ಮೇಲೆ ಎಸರು ಕುದೀತಿದೆ, ಬೇಗ ಬನ್ನಿ.”