ಕೀನ್ಯಾ ಸಾಹುಕಾರ್ರು

ಹಿಂದೆ ಊರಿನಲ್ಲಿ ಕಾಶಿಗೆ ಹೋಗಿ ಬಂದವರು ಇರುತ್ತಿದ್ದರು. ಒಂದು ಉದ್ಧರಣೆ ಗಂಗಾಜಲ ಕೊಟ್ಟು, ಊಟ ಹಾಕಿ ಕಳಿಸುತ್ತಿದ್ದರು. ಆಮೇಲೆ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದವರ ಕಾಲ. ಅವರು ಚಾಕಲೇಟು ಕೊಟ್ಟು, ಅಲ್ಲಿನ ರಸ್ತೆ ಹೊಗಳಿ ಸುಮ್ಮನಾಗುತ್ತಿದ್ದರು. ಈಗ ದಾವಣಗೆರೆಯಲ್ಲಿ ಹೊಸ ತಳಿಯೊಂದು ಕಾಣಿಸಿಕೊಂಡಿದೆ, ಆಫ್ರಿಕಾ ಸಫಾರಿಗೆ ಹೋಗಿ ಬಂದವರದು. ಇವರು ಊಟ ಹಾಕುವುದಿಲ್ಲ, ಚಾಕಲೇಟು ಕೊಡುವುದಿಲ್ಲ. ವಿಡಿಯೊ ತೋರಿಸುತ್ತಾರೆ.

ಬೆಳಗಿನ ಹೊತ್ತು ಕುಂದವಾಡ ಕೆರೆ ಏರಿಯ ಮೇಲೆ ಇವರನ್ನು ಗುರುತಿಸುವುದು ಸುಲಭ. ಅಗಲ ಅಂಚಿನ ಖಾಕಿ ಟೋಪಿ, ಮೈತುಂಬ ಜೇಬುಗಳ ಜಾಕೀಟು, ಕೊರಳಲ್ಲಿ ದುರ್ಬೀನು. ನಮಸ್ಕಾರ ಅಂದರೆ "ಜಾಂಬೊ" ಅನ್ನುತ್ತಾರೆ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಇವು 'ಬಿಗ್ ಫೈವ್' ಎಂದು ಬೆರಳು ಮಡಚುತ್ತಾರೆ. ಅದೇ ಹೊತ್ತಿಗೆ ಪಕ್ಕದಲ್ಲಿ ನಮ್ಮೂರಿನ ಹಂದಿ, ನಾಯಿ, ಕತ್ತೆ, ಎಮ್ಮೆ, ಬೀಡಾಡಿ ಹೋರಿ ಹಾದುಹೋದರೆ ಅತ್ತ ತಿರುಗಿಯೂ ನೋಡುವುದಿಲ್ಲ. ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿರುತ್ತಾರೆ.

ನನ್ನ ಪಾಲಿಗೆ ಬಂದಿರುವವರು ನಮ್ಮ ಓಣಿಯ ಸಾಹುಕಾರ್ರು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಆಯುಷ್ಯವೆಲ್ಲ ಧೂಳು, ತೂಕ, ಹಮಾಲರ ಕೂಗಿನ ನಡುವೆ ಕಳೆದು, ಧರ್ಮಸ್ಥಳ ಬಿಟ್ಟರೆ ಮಂತ್ರಾಲಯ, ಮಂತ್ರಾಲಯ ಬಿಟ್ಟರೆ ಧರ್ಮಸ್ಥಳ ಎಂಬಂತಿದ್ದ ಮನುಷ್ಯ. ಬೆಂಗಳೂರಿನ ಮಗ ಕ್ರಿಸ್‌ಮಸ್ ರಜೆಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕೀನ್ಯಾದ ಮಸಾಯಿ ಮಾರಾಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ನಮ್ಮ ಕಷ್ಟಕಾಲ ಶುರುವಾಯಿತು.

ಅವರ ಫೋನಿನಲ್ಲಿ ಒಂದು ವಿಡಿಯೊ ಇದೆ. ಹೆಸರು ಮಾರಾ ನದಿ, ಉದ್ದ ಹನ್ನೊಂದು ನಿಮಿಷ. ಲಕ್ಷಾಂತರ ವೈಲ್ಡಬೀಸ್ಟುಗಳು ಸೆರೆಂಗೆಟಿಯಿಂದ ಹಿಂಡುಗಟ್ಟಿ ಬಂದು, ಬಾಯಿ ತೆರೆದ ಮೊಸಳೆಗಳ ನಡುವೆಯೇ ಧುಮುಕಿ ದಾಟುವ ನದಿ ಅದು. ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಸಾಹುಕಾರ್ರ ವಿಡಿಯೊದಲ್ಲಿ ನದಿ ಇದೆ, ದಡ ಇದೆ, ಗಾಳಿಯ ಸದ್ದು ಇದೆ, ಮೂಲೆಯಲ್ಲಿ ಮಗನ ಮೊಣಕೈ ಇದೆ. ಪ್ರಾಣಿ ಇಲ್ಲ. "ಈಗ ಬರ್ತಾವ ನೋಡ್ರಿ ಮೇಷ್ಟ್ರೇ" ಎನ್ನುತ್ತಾರೆ. ನಾನು ನೋಡುತ್ತೇನೆ. ನಾಲ್ಕನೇ ನಿಮಿಷಕ್ಕೆ ಒಂದು ಕೊಕ್ಕರೆ ಬರುತ್ತದೆ. "ಇದಲ್ಲ, ತಡೀರಿ." ಏಳನೇ ನಿಮಿಷಕ್ಕೆ ಅವರ ಹೆಂಡತಿ, ನಮ್ಮೆಲ್ಲರ ಅಕ್ಕಾರು, ಕೆಮ್ಮಿದ್ದು ಕೇಳುತ್ತದೆ. ಹನ್ನೊಂದನೇ ನಿಮಿಷಕ್ಕೆ ಫೋನು ಆಕಾಶಕ್ಕೆ ತಿರುಗಿ ವಿಡಿಯೊ ಮುಗಿಯುತ್ತದೆ. ಆ ಹಿಂಡುಗಳು ಮಾರಾದಲ್ಲಿರುವುದು ಜುಲೈನಿಂದ ಅಕ್ಟೋಬರ್ ತನಕ, ಡಿಸೆಂಬರಿಗೆ ತಾಂಜಾನಿಯಾ ಸೇರಿರುತ್ತವೆ ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. "ಸೀಸನ್ ಲೇಟಾಗಿರಬೋದು ಅಂತ ಕಾದ್ವಿ" ಎಂದರು. ಮಾರುಕಟ್ಟೆಗೆ ಮಾಲು ಬರಲಿಲ್ಲ ಎಂಬ ಧಾಟಿಯಲ್ಲಿ.

ಮಸಾಯಿ ಹಳ್ಳಿಗೆ ಡಾಲರ್ ಕೊಟ್ಟು ಹೋದ ಕಥೆ ಇನ್ನೂ ಚೆಂದ. ಕೆಂಪು ಹೊದಿಕೆಯ ಹುಡುಗರು ನಿಂತಲ್ಲೇ ಎತ್ತರಕ್ಕೆ ಜಿಗಿದು ಕುಣಿಯುತ್ತಿದ್ದಾಗ ಇವರು ಪಕ್ಕದ ಹಿರಿಯನ ಹತ್ತಿರ ಒಂದು ಆಕಳಿಗೆ ಎಷ್ಟು ರೇಟು ಎಂದು ವಿಚಾರಿಸುತ್ತಿದ್ದರಂತೆ. ಆಸ್ತಿಯನ್ನು ದನದ ಲೆಕ್ಕದಲ್ಲೇ ಎಣಿಸುವ ಜನ ಅವರು, ಆ ಹಿರಿಯನಿಗೂ ಖುಷಿಯಾಯಿತಂತೆ. ಅಕ್ಕಾರು ಮಾತ್ರ ಹೆಂಗಸರೇ ಕಟ್ಟಿದ, ಸಗಣಿ ಮೆತ್ತಿದ ಗುಡಿಸಿಲೊಳಗೆ ಹೋಗಿ ಕೂತವರು ಎದ್ದು ಬರಲೇ ಇಲ್ಲ. ಭಾಷೆ ಇಲ್ಲದೆ ಮಣಿ ಪೋಣಿಸುತ್ತಿದ್ದರು. "ನಮ್ಮ ತವರುಮನಿ ಹಂಗೇ ವಾಸನಿ ಬಂತು" ಎಂದಷ್ಟೇ ಹೇಳುತ್ತಾರೆ. ಇಡೀ ಪ್ರವಾಸದ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು. ಮಾತಿನ ಕೋಟಾವನ್ನೆಲ್ಲ ಯಜಮಾನರೇ ಖರ್ಚು ಮಾಡಿದ್ದಾರೆ.

ಹೀಗಿರುವಾಗ ಒಂದು ದಿನ ಸಾಹುಕಾರ್ರು, "ಒಂದಿನದ ಸಫಾರಿ ಇಟ್ಕೊಂಡೀನಿ, ಬರ್ರಿ" ಎಂದರು. ಬೆಳಿಗ್ಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಮಧ್ಯಾಹ್ನದೊಳಗೆ ಹರಿಹರದಲ್ಲಿ 'ಕಲ್ಚರಲ್ ವಿಸಿಟ್'. ಬರುವುದಿಲ್ಲ ಅನ್ನುವ ಧೈರ್ಯ ಓಣಿಯಲ್ಲಿ ಯಾರಿಗೂ ಇಲ್ಲ. ನನಗಂತೂ ಅವರ ಕಾರಿನ ಎಸಿ ಇಷ್ಟ.

ಕಾರಿಗೆ ಸನ್‌ರೂಫ್ ಇತ್ತು. ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಇಳಿದದ್ದೇ ತಡ, ಸಾಹುಕಾರ್ರು ಅದರಿಂದ ಸೊಂಟದ ತನಕ ಮೇಲೆದ್ದು ನಿಂತರು. ಪೊಲೀಸರು ಕಂಡರೆ ದಂಡ ಹಾಕುತ್ತಾರೆ ಎಂದರೆ, "ಮಾರಾದಾಗ ಎಲ್ಲಾರೂ ಹಿಂಗೇ ನಿಲ್ಲೋದು" ಎಂದರು. ನಮಗೆ ಒಳಗಿನಿಂದ ಕಾಣುತ್ತಿದ್ದದ್ದು ಅವರ ಬೆಲ್ಟು ಮಾತ್ರ. ಎದುರಿಗೆ ಟ್ರ್ಯಾಕ್ಟರಿನಲ್ಲಿ ಬಂದ ರೈತ ಯಾರೋ ಓಟು ಕೇಳಲು ಬಂದಿದ್ದಾರೆಂದು ಕೈಮುಗಿದ.

119 ಚದರ ಕಿಲೋಮೀಟರಿನ ಈ ಅಭಯಾರಣ್ಯ 1974ರದು. ಬಹುಪಾಲು ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಹಕ್ಕಿಯೂ ಇತ್ತು. ದಾರಿಯಲ್ಲಿ ನಿಂತಿದ್ದ ಒಬ್ಬನನ್ನು ಕೃಷ್ಣಮೃಗ ಎಲ್ಲಿ ಕಾಣುತ್ತವೆ ಎಂದು ಕೇಳಿದೆವು. "ಚಿಗರಿ ಏನ್ರೀ? ನಮ್ಮ ಹೊಲದಾಗ ಬರ್ರಿ, ಬೇಕಾದಷ್ಟು ಅದಾವ. ರಾತ್ರಿ ಎಲ್ಲಾ ಮೇಯ್ದು ಹಾಳು ಮಾಡ್ಯಾವ" ಎಂದ. ಸಾಹುಕಾರ್ರು ಕೂಡಲೇ ಕೆಳಗಿಳಿದು, ಯಾವ ತಳಿ, ಎಕರೆಗೆ ಎಷ್ಟು ಕ್ವಿಂಟಾಲ್ ಬರುತ್ತಿತ್ತು, ಎಷ್ಟು ಲುಕ್ಸಾನು ಎಂದು ವಿಚಾರಣೆಗೆ ನಿಂತರು. ಸಫಾರಿ ಅರ್ಧ ಗಂಟೆ ಅಲ್ಲೇ ನಿಂತಿತು.

ಅಷ್ಟರಲ್ಲಿ ಬಂದವು. ಗಂಡೊಂದು ಮುಂದೆ, ತಿರುಚಿದ ಉದ್ದ ಕೊಂಬು, ಕಪ್ಪು ಮೈ, ಕಣ್ಣ ಸುತ್ತ ಸುಣ್ಣ ಬಳಿದಂಥ ಬಿಳಿ. ಹಿಂದೆ ಕಂದು ಬಣ್ಣದ ಹೆಣ್ಣುಗಳು. ಬಂಡಿದಾರಿಯ ಹತ್ತಿರ ಬಂದು ಒಂದು ಕ್ಷಣ ತಡೆದು, ಒಂದೊಂದೇ ಜಿಗಿದು ಆಚೆ ಹೋದವು. ಜಿಗಿಯುವ ಅಗತ್ಯವೇ ಇರಲಿಲ್ಲ, ಅದು ಬರೀ ಮಣ್ಣಿನ ದಾರಿ. "ದಾಟಿದ್ವು" ಎಂದರು ಸಾಹುಕಾರ್ರು. ಬೇರೇನೂ ಹೇಳಲಿಲ್ಲ. ಅವರು ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಂಡದ್ದು ಅಲ್ಲೇ ಮೊದಲು. ಆಗ ಅವರು ತೆಗೆದ ವಿಡಿಯೊದಲ್ಲಿ ಅವರ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿದೆ.

ಹರಿಹರೇಶ್ವರ ದೇವಸ್ಥಾನದಲ್ಲಿ ಮತ್ತೆ ಚೇತರಿಸಿಕೊಂಡರು. "ಪ್ರೋಗ್ರಾಂ ಏನಾದ್ರೂ ಐತೇನ್ರಿ?" ಎಂದು ಅರ್ಚಕರನ್ನೇ ಕೇಳಿದರು. ಅವರು ಮಂಗಳಾರತಿ ಇದೆ ಎಂದರು. ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ, ಬಲಕ್ಕೆ ಹರ, ಎಡಕ್ಕೆ ಹರಿ ಎಂದು ನಾನು ಮೇಷ್ಟ್ರ ಚಟ ತೀರಿಸಿಕೊಳ್ಳುತ್ತಿದ್ದೆ. ಸಾಹುಕಾರ್ರು ಕೇಳಿಸಿಕೊಳ್ಳಲಿಲ್ಲ. ಮಂಟಪದ ಕಂಬವೊಂದರ ನುಣುಪು ಬಳೆಗಳ ಮೇಲೆ ಅಂಗೈ ಆಡಿಸುತ್ತ ನಿಂತಿದ್ದರು. ಅವರ ಅಣ್ಣ ಇದೇ ಊರಿನ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಿಸುವ ಕೆಲಸದಲ್ಲಿದ್ದರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು, ಅಣ್ಣನೂ ಹೋದರು. "ಸಣ್ಣಾವಿದ್ದಾಗಿಂದ ಬರ್ತೀನಿ, ಕಂಬ ನೋಡೇ ಇರಲಿಲ್ಲ. ಅಣ್ಣ ಯಾವಾಗ್ಲೂ ಹೇಳ್ತಿದ್ದ, ಲೇತಿನ ಕೆಲಸ ನೋಡಬೇಕಂದ್ರ ಗುಡಿಗೆ ಹೋಗು ಅಂತ." ಕೀನ್ಯಾಕ್ಕೆ ಹೋಗಿ ದುಡ್ಡು ಸುರಿದು ಕಲಿತು ಬಂದದ್ದು ನಿಂತು ನೋಡುವುದನ್ನೋ ಏನೋ. ದುಬಾರಿ ವಿದ್ಯೆ.

ನನಗೆ ಹೀಗನ್ನಿಸುತ್ತಿರುವಾಗಲೇ ಫೋನು ತೆಗೆದು ಅರ್ಚಕರಿಗೆ ಮಾರಾ ನದಿ ತೋರಿಸತೊಡಗಿದರು.

ಬರುವ ಫೆಬ್ರವರಿಗೆ ತಾಂಜಾನಿಯಾ ಅಂತೆ. ಓಣಿಯವರು ಈಗಲೇ ಕಂಗಾಲಾಗಿದ್ದಾರೆ. ಎಲ್ಲಾದರೂ ಸಾಹುಕಾರ್ರು ಎದುರಾದರೆ ಸಿಂಹ ನೋಡಿದ್ರಾ ಎಂದು ಮಾತ್ರ ಕೇಳಬೇಡಿ. ಕೀನ್ಯಾದ ಮೆಕ್ಕೆಜೋಳದ ಬಗ್ಗೆ ಕೇಳಿ. ನಾವು ಕೋಳಿಗೆ ಹಾಕಲು ಲಾರಿಗಟ್ಟಲೆ ಕಳಿಸುವ ಕಾಳನ್ನು ಅಲ್ಲಿ ಉಗಾಲಿ ಎಂದು ಮುದ್ದೆ ಮಾಡಿ ಉಣ್ಣುತ್ತಾರೆ, ಅಲ್ಲಿನ ಚೀಲ ತೊಂಬತ್ತು ಕೆಜಿಯದು. ಜೀಪಿನ ಡ್ರೈವರನಿಂದ ಕೇಳಿ ತಿಳಿದ ರೇಟನ್ನು ನಮ್ಮ ಕ್ವಿಂಟಾಲಿಗೆ ತಾಳೆ ಹಾಕಿ ಅವರು ಕೊಡುವ ವಿವರಣೆ ನಿಜಕ್ಕೂ ಕೇಳುವಂಥದ್ದು, ಅದಕ್ಕೆ ವಿಡಿಯೊ ಇಲ್ಲ.