ಕೂತಲ್ಲೇ ಎಳೆಗಾಳ: ಕೃಷ್ಣಾ ತೀರದ ಒಂದು ಶಾಸ್ತ್ರೀಯ ವಿವೇಚನೆ

ಚಲಿಸುವ ದೋಣಿಯ ಹಿಂದೆ ಗಾಳದ ದಾರವನ್ನು ಉದ್ದಕ್ಕೆ ಬಿಟ್ಟು, ತುದಿಯ ಎರೆ ಜೀವಂತ ಮರಿಮೀನಿನಂತೆ ಈಜುವ ಹಾಗೆ ಎಳೆದುಕೊಂಡು ಹೋಗುವ ಬೇಟೆಯ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರಿದ್ದು, ಪ್ರಸ್ತುತ ವಿವೇಚನೆಯಲ್ಲಿ ಅದನ್ನು ಎಳೆಗಾಳವೆಂದು ಕರೆಯಲಾಗಿದೆ. ವಾಲ್‌ಐ ಎಂಬ ಮೀನನ್ನು 1965ರಲ್ಲಿ ರಾಜ್ಯದ ಮೀನಾಗಿ ಅಂಗೀಕರಿಸಿದ ಅಮೆರಿಕದ ಮಿನೆಸೋಟದಲ್ಲಿ ಈ ವಿದ್ಯೆ ಬಹಳ ಬೆಳೆದಿದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿರುವುದರಿಂದ ಮಬ್ಬುಗತ್ತಲಲ್ಲೂ ಬೇಟೆಯಾಡಬಲ್ಲ ಈ ಮೀನಿಗಾಗಿ ಅಲ್ಲಿಯವರು ಮೋಟಾರು ದೋಣಿಯನ್ನು ಗಂಟೆಗೆ ಸುಮಾರು 1.5ರಿಂದ 4 ಕಿ.ಮೀ. ವೇಗದಲ್ಲಿ ನಡೆಸುತ್ತಾರೆ ಮತ್ತು ತಳದ ಏರುತಗ್ಗುಗಳನ್ನು ಯಂತ್ರದ ಪರದೆಯಲ್ಲಿ ನೋಡುತ್ತ ಹೋಗುತ್ತಾರೆ. ಇಷ್ಟೆಲ್ಲ ಖರ್ಚು ಮಾಡಿ ಅವರು ಸಾಧಿಸುವುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಜನ ಕುಳಿತಲ್ಲಿಂದ ಏಳದೆ ಸಾಧಿಸುತ್ತಾರೆಂಬುದೇ ಇಲ್ಲಿ ಮಂಡಿಸಲಾಗುವ ಪ್ರಮೇಯ.

ಈ ಪ್ರಮೇಯಕ್ಕೆ ಆಧಾರ ಆರ್ಯಭಟನಲ್ಲಿದೆ. ದೋಣಿಯಲ್ಲಿ ಮುಂದಕ್ಕೆ ಹೋಗುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುವುದನ್ನು ಆತ ಭೂಮಿಯ ತಿರುಗುವಿಕೆಗೆ ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಮಿನೆಸೋಟದಲ್ಲಿ ನೀರು ನಿಂತಿರುತ್ತದೆ, ಮನುಷ್ಯ ಚಲಿಸುತ್ತಾನೆ. ಯಡೂರು, ಮಾಂಜರಿ, ಕುಡಚಿಗಳಲ್ಲಿ ಮನುಷ್ಯ ನಿಂತಿರುತ್ತಾನೆ, ಹೊಳೆ ಚಲಿಸುತ್ತದೆ. ಗಾಳಕ್ಕೆ ಎರಡೂ ಒಂದೇ ಆದುದರಿಂದ, ಕಲ್ಲಿನ ಮೇಲೆ ಬೀಡಿ ಹಚ್ಚಿ ಕುಳಿತ ಕಾಕಾನೂ ಶಾಸ್ತ್ರದ ದೃಷ್ಟಿಯಿಂದ ಎಳೆಗಾಳವನ್ನೇ ಹಾಕಿದ್ದಾನೆಂದು ಒಪ್ಪಬೇಕಾಗುತ್ತದೆ. ಕಾರ್ಖಾನೆಗೆ ಕಬ್ಬು ಕಳಿಸಿ ಬಿಲ್ಲಿಗಾಗಿ ಕಾದು ಅಭ್ಯಾಸವಾದ ಸೀಮೆಯಲ್ಲಿ ಇಂಥ ಸ್ಥಿರಾಸನ ಕಷ್ಟದ ಸಿದ್ಧಿಯೇನೂ ಅಲ್ಲ.

ಕೃಷ್ಣೆಯಲ್ಲಿ ವಾಲ್‌ಐ ಇಲ್ಲವೆಂಬ ಆಕ್ಷೇಪವನ್ನು ಬೇಗನೆ ಪರಿಹರಿಸಬಹುದು. ಆ ಸ್ಥಾನವನ್ನು ಇಲ್ಲಿ ಬಾಳೆಮೀನು ತುಂಬುತ್ತದೆ. ಅದಕ್ಕೆ ಮೈಮೇಲೆ ಹುರುಪೆಯಿಲ್ಲ, ಉದ್ದನೆಯ ಮೀಸೆಯಿದೆ, ಕಣ್ಣಿನ ಆಚೆಗೂ ಸೀಳಿಕೊಂಡ ಬಾಯಿದೆ, ಮತ್ತು ಅದೂ ರಾತ್ರಿಯ ಬೇಟೆಗಾರ. ವಿದ್ವಾಂಸರು ಸಂಸ್ಕೃತದ ಪಾಠೀನವನ್ನು ಈ ಮೀನೆಂದೇ ಗುರುತಿಸುತ್ತಾರೆ. ಅಮರಕೋಶ ಪಾಠೀನಕ್ಕೆ ಸಹಸ್ರದಂಷ್ಟ್ರ ಎಂಬ ಹೆಸರನ್ನೂ ಕೊಟ್ಟಿದ್ದು, ಅಷ್ಟು ಹಲ್ಲುಗಳನ್ನು ಎಣಿಸಲು ಬೆರಳು ಕೊಟ್ಟ ಪುಣ್ಯಾತ್ಮನ ಹೆಸರನ್ನು ಮಾತ್ರ ಹೇಳಿಲ್ಲ. 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ಬರೆದು, ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕಬೇಕಾದ ಮೇವನ್ನೂ ಗಾಳದ ಕ್ರಮವನ್ನೂ ವಿವರಿಸಿದ್ದಾನೆ. ಅರಸನ ಮೀನು ಹಿಡಿಯುವ ಗೀಳನ್ನು ವಿನೋದವೆಂದೂ ಪ್ರಜೆಯ ಅದೇ ಗೀಳನ್ನು ಉಡಾಳತನವೆಂದೂ ಕರೆಯುವ ವಾಡಿಕೆ ಅಂದಿನಿಂದ ಇಂದಿಗೂ ಬದಲಾಗಿಲ್ಲ.

ಈ ಶಾಸ್ತ್ರದಲ್ಲಿ ನಿಜವಾಗಿ ಕಠಿಣವಾದದ್ದು ವೇಗನಿಯಂತ್ರಣ. ಮಿನೆಸೋಟದವನಿಗೆ ವೇಗ ಕೈಬೆರಳಿನಲ್ಲಿದ್ದರೆ, ಕೃಷ್ಣಾ ತೀರದವನಿಗೆ ಅದು ಮಹಾರಾಷ್ಟ್ರದಲ್ಲಿದೆ. ಸುಮಾರು 105 ಟಿಎಂಸಿ ನೀರು ಹಿಡಿಯುವ ಕೊಯ್ನಾ ಜಲಾಶಯದ ಗೇಟು ಎಷ್ಟು ಎತ್ತಿದರು, ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ ಹರಿಯಿತು (ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಎಂಬುದರ ಮೇಲೆ ಇಲ್ಲಿಯ ಎರೆಯ ನಡಿಗೆ ನಿಂತಿದೆ. ಬೇಸಿಗೆಯಲ್ಲಿ ನದಿ ಮಡುಗಳಾಗಿ ನಿಂತುಬಿಟ್ಟಾಗ ಕೊಯ್ನೆಯಿಂದ ನೀರು ಬಿಡಿಸಿಕೊಳ್ಳಲು ಬೆಂಗಳೂರಿನಿಂದ ಮುಂಬಯಿಗೆ ಪತ್ರ ಹೋಗುತ್ತದೆ. ಗಾಳ ಎಳೆಯಲು ಎರಡು ಸರ್ಕಾರಗಳ ಪತ್ರವ್ಯವಹಾರ ಬೇಕಾಗುವ ಪದ್ಧತಿ ಅಮೆರಿಕದಲ್ಲಿ ಇನ್ನೂ ಬೆಳೆದಿಲ್ಲ. ಆಗಸ್ಟಿನಲ್ಲಿ ಪರಿಸ್ಥಿತಿ ತಿರುಗಿಬೀಳುತ್ತದೆ. 2019ರಲ್ಲಿ ಲಕ್ಷಗಟ್ಟಲೆ ಕ್ಯುಸೆಕ್ ಬಂದು ಊರುಗಳೇ ಕಾಳಜಿ ಕೇಂದ್ರಗಳಿಗೆ ಹೊರಟಾಗ ಎರೆಯ ವೇಗವನ್ನು ಅಳೆಯುವ ಪ್ರಶ್ನೆಯೇ ಉಳಿಯಲಿಲ್ಲ.

ಸಲಕರಣೆಗಳಲ್ಲಿ ಮುಖ್ಯವಾದದ್ದು ತೇಲು, ಅಂದರೆ ಮೀನು ಕಚ್ಚಿದ್ದನ್ನು ಮುಳುಗಿ ತಿಳಿಸುವ ತುಂಡು. ಭೌಗೋಳಿಕ ಸೂಚಕದ ಮನ್ನಣೆಯಲ್ಲಿ ಪಾಲು ಪಡೆದ ಅಥಣಿಯ ಚರ್ಮದ ಚಪ್ಪಲಿ ಎಷ್ಟೇ ಪ್ರಸಿದ್ಧವಾದರೂ ಈ ಕೆಲಸಕ್ಕೆ ಬಾರದು. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಬ್ಲೇಡಿನಿಂದ ಹೆಬ್ಬೆರಳುದ್ದ ಕೊಯ್ದು, ಕಾಸಿದ ಸೂಜಿಯಿಂದ ತೂತು ಮಾಡಿ ದಾರ ಪೋಣಿಸಿದ ತೇಲೇ ಶ್ರೇಷ್ಠ. ದಾರವನ್ನು ದೋಣಿಯಿಂದ ಪಕ್ಕಕ್ಕೆ ಒಯ್ಯಲು ಅಮೆರಿಕದವರು ಹಲಗೆಯೊಂದನ್ನು ಕೊಂಡು ಕಟ್ಟುತ್ತಾರೆ. ಇಲ್ಲಿ ಪಂಚಗಂಗೆಯಿಂದ ತೇಲಿಬರುವ ಅಂತರಗಂಗೆಯ ರಾಶಿ ಆ ಸೇವೆಯನ್ನು ಪುಕ್ಕಟೆಯಾಗಿ ಮಾಡುತ್ತದೆ, ಆದರೆ ದಾರವನ್ನು ಮರಳಿ ಕೊಡುವುದಿಲ್ಲ. ತೋಟಾ ಸಿಡಿಸುವವರನ್ನು ಈ ಶಾಸ್ತ್ರ ಬೇಟೆಗಾರರೆಂದೇ ಗಣಿಸುವುದಿಲ್ಲ. 1897ರ ಮೀನುಗಾರಿಕೆ ಕಾಯ್ದೆಯೂ ಅವರನ್ನು ಅಪರಾಧಿಗಳೆಂದೇ ಗಣಿಸಿತ್ತು.

ಉಳಿದವರು ಭಾಷ್ಯಕಾರರು. ತಾವು ಗಾಳ ಹಾಕದೆ ಸೇತುವೆಯ ಮೇಲೆ ಮೋಟರ್‌ಸೈಕಲ್ ನಿಲ್ಲಿಸಿ ಪರರ ಗಾಳವನ್ನು ವ್ಯಾಖ್ಯಾನಿಸುವವರಿಗೆ ಈ ಹೆಸರು ಸಲ್ಲುತ್ತದೆ. “ಏನ್ ಕಾಕಾ, ಹತ್ತಿತೇನ?” ಎಂಬುದು ಪೂರ್ವಪಕ್ಷ, “ಮ್ಯಾಲ ನೀರ ಬಿಟ್ಟಾರಂತ, ಇವತ್ತ ಹತ್ತಂಗಿಲ್ಲ ಬಿಡ್ರಿ” ಎಂಬುದು ಸಿದ್ಧಾಂತ. ಮರಾಠಿಯಲ್ಲಿಯೂ ಇದೇ ಭಾಷ್ಯ ಇದೇ ಸೇತುವೆಯ ಮೇಲೆ ಲಭ್ಯವಿದ್ದು, ಗಡಿ ವಿವಾದ ಈ ಒಂದು ವಿಷಯದಲ್ಲಿ ತಲೆದೋರಿಲ್ಲ.

ಕಲ್ಲೋಳ-ಯಡೂರು, ಕಾರದಗಾ-ಭೋಜ, ಜತ್ರಾಟ-ಭಿವಶಿಯಂಥ ಕೆಳಮಟ್ಟದ ಸೇತುವೆಗಳ ಮೇಲೆ ನೀರು ಹತ್ತಿ ಪೊಲೀಸರು ಬ್ಯಾರಿಕೇಡ್ ಇಟ್ಟ ದಿನ ಈ ಶಾಸ್ತ್ರದ ಪ್ರಯೋಗವನ್ನು ಯಾರೂ ಮಾಡಬಾರದು. ಬಾಳೆಮೀನು ಮೊಟ್ಟೆಯಿಡುವ ಕಾಲವೂ ಅದೇ ಮಳೆಗಾಲವಾಗಿದ್ದು, ಆಗ ಗಾಳವನ್ನು ಅಟ್ಟದ ಮೇಲೆ ಇಟ್ಟು ಮನೆಯಲ್ಲಿರುವುದೇ ಎರಡೂ ಜೀವಿಗಳಿಗೆ ಕ್ಷೇಮ.