ಮೃಗಸಾಕ್ಷಿ

ನ್ಯಾಯಸ್ಥಾನಗಳಲ್ಲಿ ಪ್ರತ್ಯಕ್ಷಸಾಕ್ಷಿಯೆಂಬುವನು ದುರ್ಲಭ. ಕಣ್ಣಾರೆ ಕಂಡವನೂ ಕಟಕಟೆಯನ್ನೇರಿದೊಡನೆ ತಾನು ಆ ಹೊತ್ತು ಊರಿನಲ್ಲಿಯೇ ಇರಲಿಲ್ಲವೆಂಬುದನ್ನು ಜ್ಞಾಪಿಸಿಕೊಳ್ಳುವುದು ಲೋಕರೂಢಿ. ಆದರೆ ಮೃಗಗಳ ವಿಷಯದಲ್ಲಿ ಮಾತ್ರ ನಮ್ಮ ಕಡೆ ಸಾಕ್ಷಿಗಳ ಕೊರತೆ ಎಂದೂ ಉಂಟಾದುದಿಲ್ಲ. ಬಹುಕಾಲ ರಾಯಚೂರಿನ ಅಂಗವಾಗಿದ್ದು 1998ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕೊಪ್ಪಳದ ಸೀಮೆಯಲ್ಲಿ ಊರಿಗೊಬ್ಬನಾದರೂ ಇಂಥ ಮಹನೀಯನಿದ್ದಾನೆ: ಹೊಳೆಗಿಳಿದರೆ ಮೊಸಳೆಯನ್ನೂ, ಗುಡ್ಡ ಹತ್ತಿದರೆ ಕರಡಿಯನ್ನೂ, ಹೊಲದ ಬದುವಿನ ಮೇಲೆ ನಿಂತರೆ ತೋಳವನ್ನೂ, ಅದೂ ಉಳಿದವರು ಬಂದು ಸೇರುವುದಕ್ಕೆ ಅರೆಗಳಿಗೆ ಮುಂಚಿತವಾಗಿ, ಕಂಡೇ ತೀರುವವನು. ಇವನಿಗೆ ಮೃಗಸಾಕ್ಷಿಯೆಂದು ಹೆಸರಿಟ್ಟುಕೊಂಡು ಮುಂದುವರಿಯುತ್ತೇನೆ.

ಇವನನ್ನು ಸುಳ್ಳುಗಾರನೆಂದು ಭಾವಿಸುವುದು ಅನ್ಯಾಯ. ಸುಳ್ಳು ಹೇಳುವವನಿಗೆ ನಿನ್ನೆ ಹೇಳಿದ್ದನ್ನು ಇಂದು ನೆನಪಿನಲ್ಲಿಟ್ಟುಕೊಳ್ಳಬೇಕಾದ ಶ್ರಮವಿರುತ್ತದೆ. ಮೃಗಸಾಕ್ಷಿ ಅಂಥ ಶ್ರಮವನ್ನು ವಹಿಸಿದವನೇ ಅಲ್ಲ. ಸಾಮಾನ್ಯವಾಗಿ ಈತ ಯಾವುದೋ ಕಛೇರಿಯ ಕಡತಗಳ ನಡುವೆ ನಿರುಪದ್ರವಿಯಾಗಿ ಆಯುಷ್ಯದ ಬಹುಭಾಗವನ್ನು ಸವೆಸಿ, ನಿವೃತ್ತಿವೇತನಕ್ಕೆ ಪಾತ್ರನಾಗಿ, ಹಗಲಿನಲ್ಲಿಯೂ ಬ್ಯಾಟರಿಯನ್ನು ಕೈಬಿಡದೆ ತಿರುಗುವ ಗೃಹಸ್ಥ. ಸಾಯಂಕಾಲ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿಯ ತಟ್ಟೆ ಬಂದು, ಎರಡನೆಯ ಮಿರ್ಚಿಯ ಖಾರ ನೆತ್ತಿಗೇರುವ ಮುಹೂರ್ತಕ್ಕೆ ಸರಿಯಾಗಿ ಅವನ ಸ್ಮೃತಿಯ ಗುಹೆಯಿಂದ ಮೃಗವೊಂದು ಹೊರಕ್ಕೆ ಬರುತ್ತದೆ. ಬಂದದ್ದು ಚಹದ ಲೋಟಗಳು ಬರಿದಾಗುವವರೆಗೆ ಒಳಕ್ಕೆ ಹೋಗುವುದಿಲ್ಲ.

ತಾಲೂಕಿನಿಂದ ತಾಲೂಕಿಗೆ ಇವನ ಮೃಗ ಬದಲಾಗುತ್ತದೆ. ಗಂಗಾವತಿಯವನಿಗೆ ತುಂಗಭದ್ರೆಯುಂಟು, ಆನೆಗೊಂದಿಯ ಬೆಟ್ಟಗಳಲ್ಲಿ ಚಿರತೆಯೂ ಉಂಟು. ಸಂಪತ್ತಿನ ದೃಷ್ಟಿಯಿಂದ ಇವನೇ ಎಲ್ಲರಿಗೂ ಹಿರಿಯ. ಕೊಪ್ಪಳದವನು ಕರಡಿಯನ್ನು ನೆಚ್ಚಿಕೊಂಡಿದ್ದಾನೆ. ಹೊಳೆಯ ಆಚೆ ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಷ್ಟು ಹಿಂದೆಯೇ ಕರಡಿಗಳಿಗೆಂದು ಧಾಮವನ್ನು ಘೋಷಿಸಿದ್ದು, ಅಲ್ಲಿ ಬಂಡೆಗಳಿಗೆ ಸವರಿದ ಬೆಲ್ಲದ ಪಾಕವನ್ನು ನೆಕ್ಕಲು ಕರಡಿಗಳು ಮಧ್ಯಾಹ್ನದ ಮೇಲೆ ಸರಕಾರಿ ನೌಕರರಿಗಿಂತ ನಿಯಮಬದ್ಧವಾಗಿ ಹಾಜರಾಗುತ್ತವೆ. ಆದರೆ ಹೀಗೆ ಸಾರ್ವಜನಿಕರೆದುರು ಹಾಜರಿ ಹಾಕುವ ಕರಡಿಯಲ್ಲಿ ಕೊಪ್ಪಳದ ಸಾಕ್ಷಿಗೆ ಲವಲೇಶವೂ ಆಸಕ್ತಿಯಿಲ್ಲ. ಅವನ ಕರಡಿ ಅವನೊಬ್ಬನಿಗೇ, ಸೀತಾಫಲದ ಪೊದೆಯ ಹಿಂದೆ, ಮುಂಗಾಲೆತ್ತಿ ನಿಂತು ದರ್ಶನ ಕೊಡತಕ್ಕದ್ದು. ಕುಷ್ಟಗಿಯವನು ತೋಳದವನು, ಅವನ ಮಾತು ಬೇರೆಯಾಗಿ ಬರುತ್ತದೆ. ಇವರೆಲ್ಲರಲ್ಲಿಯೂ ಕನಿಕರಕ್ಕೆ ಪಾತ್ರನಾದವನು ಯಲಬುರ್ಗಿಯವನು. ದೈವ ಅವನ ಎರೆಹೊಲಗಳಿಗೆ ಕೊಟ್ಟದ್ದು ಚಿಗರಿಗಳನ್ನು: ಕೃಷ್ಣಮೃಗವೆಂದು ಕಾವ್ಯದಲ್ಲಿ ಎಷ್ಟೇ ಹಿರಿಮೆಯಿದ್ದರೂ, ಕಡಲೆಯ ಸಸಿಯನ್ನು ಮೇದು, ಮನುಷ್ಯನ ನೆರಳು ಕಂಡೊಡನೆ ಚಿಮ್ಮಿ ಓಡಿಹೋಗುವ ಪ್ರಾಣಿಯಿಂದ ಯಾವ ಭಯಾನಕರಸ ಹುಟ್ಟೀತು? ಪಾಪ, ಅವನು ಉದ್ದವನ್ನು ಬೆಳೆಸಲಾರದೆ ಸಂಖ್ಯೆಯನ್ನು ಬೆಳೆಸುತ್ತಾನೆ. ಬೆಳಿಗ್ಗೆ ಹತ್ತಿದ್ದ ಚಿಗರಿಗಳು ಕುಕನೂರಿನ ಸಂತೆಯನ್ನು ಮುಟ್ಟುವ ಹೊತ್ತಿಗೆ ನೂರಾಗಿರುತ್ತವೆ. ರೈತನ ನಷ್ಟವಂತೂ ಹತ್ತಕ್ಕೇ ಪೂರ್ಣವಾಗಿರುತ್ತದೆ.

ಗಂಗಾವತಿಯ ಸಾಕ್ಷಿಯನ್ನು ನೋಡಬೇಕಾದದ್ದು ಹರಗೋಲಿನಲ್ಲಿ. ಸಮುದ್ರವಿಲ್ಲದ ನಮ್ಮ ಜಿಲ್ಲೆಗೆ ನೌಕಾಯಾನವೆಂದರೆ ಆನೆಗೊಂದಿಯ ಹೊಳೆಯಲ್ಲಿಯೋ ಸಾಣಾಪುರದ ಕೆರೆಯಲ್ಲಿಯೋ ಬಿದಿರಿನ ಈ ದುಂಡು ಬುಟ್ಟಿಯೊಳಗೆ ಮೊಣಕಾಲು ಮಡಿಚಿ ಕುಳಿತುಕೊಳ್ಳುವುದು ಎಂದೇ ಅರ್ಥ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಆನೆಗೊಂದಿಯ ಕಡವಿನಲ್ಲಿ ಈ ನಾವೆಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುವುದಲ್ಲದೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಅದರಲ್ಲಿಯೇ ದಾಟಿಸುತ್ತಿದ್ದರಂತೆ, ಆದರೆ ಆ ಪಶುಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದುವಂತೆ. ಹರಗೋಲು ನೆಟ್ಟಗೆ ಹೋಗದೆ ಸದಾ ಗಿರಗಿರನೆ ಸುತ್ತುತ್ತಲೇ ಇರುವುದೆಂಬುದನ್ನೂ ಅವನು ಗಮನಿಸದೆ ಬಿಟ್ಟಿಲ್ಲ. ಈಜುವುದನ್ನೇ ಮೇಲೆಂದು ಬಗೆದ ಆ ಕುದುರೆಗಳ ವಿವೇಕಕ್ಕೆ ಮೆಚ್ಚಬೇಕು. ಇಂದು ಚರ್ಮದ ಸ್ಥಳದಲ್ಲಿ ಪ್ಲಾಸ್ಟಿಕ್ಕೂ ಡಾಂಬರೂ ಬಂದಿವೆ. ಸುತ್ತುವುದು ಮಾತ್ರ ನಿಂತಿಲ್ಲ.

ಈ ಸುತ್ತುವಿಕೆಯೇ ಮೃಗಸಾಕ್ಷಿಯ ಪರಮಾನುಕೂಲ. ನವವೃಂದಾವನದ ನಡುಗಡ್ಡೆಗೆಂದು ಹೊರಟ ಹರಗೋಲು ನಡುಹೊಳೆಯನ್ನು ಮುಟ್ಟಿದಾಗ ಅವನು ಥಟ್ಟನೆ ಬೆನ್ನು ನಿಮಿರಿಸಿ, ದನಿಯನ್ನು ತಗ್ಗಿಸಿ, "ಅಲ್ಲಿ! ಅಲಕ್ಕಡೆ ನೋಡ್ರಿ!" ಎಂದು ಬೆರಳು ಚಾಚುತ್ತಾನೆ. ಬೆಂಗಳೂರಿನಿಂದ ಬಂದ ನೆಂಟರು ಕತ್ತು ತಿರುಗಿಸುವಷ್ಟರಲ್ಲಿ ಬುಟ್ಟಿ ಅರೆಸುತ್ತು ತಿರುಗಿ, ಚಾಚಿದ ಬೆರಳಿನ ಎದುರಿಗೆ ಮೊಸಳೆಯ ಬದಲು ಅಂಜನಾದ್ರಿಯ ಬೆಟ್ಟ ಬಂದು ನಿಂತಿರುತ್ತದೆ. ಅವರು ಭಕ್ತಿಯಿಂದ ಕೈಮುಗಿಯುತ್ತಾರೆ. ಮರಳಿ ಸುತ್ತು ಬರುವ ಹೊತ್ತಿಗೆ, "ಮುಣುಗಿತು, ಮನುಷ್ಯರ ವಾಸನೆ ಬಡೀತು ಅದಕ್ಕೆ" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಒಮ್ಮೆ ಮಾತ್ರ ನೀರು ಇಳಿದಿದ್ದ ಬೇಸಗೆಯಾದುದರಿಂದ ಹರಗೋಲು ಸಾವಕಾಶವಾಗಿ ಸಾಗುತ್ತಿತ್ತು, ಅವನು ತೋರಿಸಿದ ಮೊಸಳೆಯೂ ಎರಡು ಸುತ್ತು ಮುಗಿದರೂ ಇದ್ದಲ್ಲಿಯೇ ಇದ್ದಿತು. ಎಲ್ಲರ ಉಸಿರೂ ನಿಂತಿತು. ಆಗ ಅಂಬಿಗ ಹುಟ್ಟನ್ನು ಎತ್ತದೆಯೇ, ಆ ಕಡೆ ತಿರುಗಿಯೂ ನೋಡದೆ ಹೇಳಿದ: "ಅದು ಬಂಡಿಗಲ್ಲೈತ್ರಿ ಸಾಹೇಬ್ರ. ಹ್ವಾದ ವರ್ಸಾನೂ ಅದನ್ನ ತೋರ್ಸಿದ್ರಿ."

ಸಾಮಾನ್ಯನಾದವನು ಇಲ್ಲಿ ಸೋಲುತ್ತಿದ್ದ. ಹಗ್ಗದಲ್ಲಿ ಹಾವನ್ನು ಕಾಣುವುದು ಭ್ರಾಂತಿಯೆಂದು ಅದ್ವೈತಿಗಳು ಸಾರಿಬಿಟ್ಟಿರುವುದೇನೋ ದಿಟ. ಆದರೆ ಹರಗೋಲು ಹೊರಟಿದ್ದದ್ದು ಪದ್ಮನಾಭತೀರ್ಥರು ವ್ಯಾಸತೀರ್ಥರು ಮೊದಲಾದ ಒಂಬತ್ತು ಮಾಧ್ವಯತಿಗಳ ವೃಂದಾವನಗಳ ಸನ್ನಿಧಿಗೆ. ಆ ಸ್ಥಳಮಹಿಮೆಗೆ ತಕ್ಕಂತೆ ನಮ್ಮ ಸಾಕ್ಷಿ, ಕಲ್ಲೂ ಸತ್ಯ, ಮೊಸಳೆಯೂ ಸತ್ಯ, ಅವೆರಡಕ್ಕೂ ಭೇದವೂ ಸತ್ಯ, ಮೊದಲು ಕಲ್ಲಿನ ಮೇಲಿದ್ದ ಮೊಸಳೆ ಈಗ ಕಲ್ಲನ್ನು ಅಲ್ಲಿಯೇ ಬಿಟ್ಟು ನೀರಿಗಿಳಿದಿದೆ, ಇಷ್ಟೇ ಎಂದು ವ್ಯವಸ್ಥೆ ಮಾಡಿದನು. ಅಂಬಿಗ ಮರುಮಾತನಾಡಲಿಲ್ಲ. ಅವನಿಗೆ ಮೊಸಳೆಗಳು ಎಲ್ಲಿ ಯಾವ ಬಂಡೆಯ ಮೇಲೆ ಬಿಸಿಲು ಕಾಯುತ್ತವೆ, ಮೈ ಕಾದಾಗ ಹೇಗೆ ಬಾಯಿ ತೆರೆದುಕೊಂಡು ಬಿದ್ದಿರುತ್ತವೆ ಎಂಬುದೆಲ್ಲ ಗೊತ್ತು. ಗೊತ್ತಿದ್ದುದರಿಂದಲೇ ಹರಗೋಲನ್ನು ಆ ಕಡೆಗೆ ಒಯ್ಯುವುದಿಲ್ಲ, ಅದರ ಮಾತನ್ನೂ ಎತ್ತುವುದಿಲ್ಲ.

ಅದೇ ದಿನ, ಮರಳಿ ಬರುವಾಗ, ನಿಜವಾದ ಭಾಗ್ಯವೊದಗಿತು. ಜೊಂಡಿನ ಮರೆಯಿಂದ ನುಣ್ಣನೆಯ ಕಂದು ತಲೆಯೊಂದು ಮೇಲೆದ್ದು, ಅದರ ಹಿಂದೆ ಇನ್ನೊಂದು, ಮತ್ತೊಂದು, ಹೀಗೆ ನೀರುನಾಯಿಗಳ ಸಂಸಾರವೇ ಹರಗೋಲಿನ ಸನಿಹಕ್ಕೆ ಈಜಿಬಂದು, ಕತ್ತು ನೀಳಮಾಡಿ ನಮ್ಮನ್ನು ವಿಚಾರಿಸಿಕೊಳ್ಳುವಂತೆ ನೋಡಿದುವು. ಒಂದರ ಬಾಯಲ್ಲಿ ಮೀನು ಇನ್ನೂ ಒದ್ದಾಡುತ್ತಿದ್ದಿತು. ಈ ಪ್ರಾಣಿಗಳಿಗಾಗಿಯೇ 2015ರಲ್ಲಿ ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆಯನ್ನು ಸಂರಕ್ಷಿತ ಪ್ರದೇಶವೆಂದು ಸರಕಾರ ಸಾರಿದೆಯೆಂಬುದು ನೆಂಟರಲ್ಲಿ ಒಬ್ಬರಿಗೆ ತಿಳಿದಿತ್ತು, ಮಕ್ಕಳು ಕೇಕೆ ಹಾಕಿದರು, ಅಂಬಿಗನ ಮುಖದಲ್ಲಿಯೂ ನಗೆ ಮೂಡಿತು. ಮೃಗಸಾಕ್ಷಿಯೊಬ್ಬನೇ ಅತ್ತ ಬೆನ್ನು ಮಾಡಿ ಬರಿದಾದ ನೀರನ್ನು ದಿಟ್ಟಿಸುತ್ತ ಕುಳಿತಿದ್ದನು. ಎಲ್ಲರೂ ಕಂಡ ಮೃಗಕ್ಕೆ ಸಾಕ್ಷಿಯ ಅಗತ್ಯವಾದರೂ ಏನು?

ಕತೆಯ ಬೆಳವಣಿಗೆಗೆ ರಸ್ತೆ ಬೇಕು. ಆನೆಗೊಂದಿಯ ದಡದಲ್ಲಿ ಮೂರು ಮೊಳವಿದ್ದ ಮೊಸಳೆ ಗಂಗಾವತಿಯ ಬಸ್ ನಿಲ್ದಾಣದಲ್ಲಿಳಿಯುವಾಗ ಎಂಟು ಮೊಳವಾಗಿ, ಕೊಪ್ಪಳದಲ್ಲಿ ಬೀಗರ ಮನೆಯನ್ನು ಸೇರುವಷ್ಟರಲ್ಲಿ, ಪೂರ್ತಿ ಬಲಿತ ಮೊಸಳೆ ನಾಲ್ಕೈದು ಮೀಟರು ಬೆಳೆದರೆ ಅದೇ ಬಹಳವೆನ್ನುವ ಪ್ರಾಣಿಶಾಸ್ತ್ರವನ್ನು ಎಂದೋ ಹಿಂದೆ ಹಾಕಿರುತ್ತದೆ. ಕುಷ್ಟಗಿಯವರೆಗೆ ಹೋಗಲು ಬಿಟ್ಟರೆ ಆ ಮೊಸಳೆಗೆ ತುಂಗಭದ್ರೆ ಸಾಲದೆ ಕೃಷ್ಣೆಯನ್ನು ತರಬೇಕಾದೀತು. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋಗಿ, ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಗಿ ಬಂದಾಗ, ಭತ್ತದ ಗದ್ದೆಯವರು ಎರಡನೆಯ ಬೆಳೆಗೆ ನೀರುಳಿದೀತೇ ಎಂದು ಚಿಂತಾಕ್ರಾಂತರಾಗಿದ್ದರೆ, ನಮ್ಮ ಸಾಕ್ಷಿಗೆ ಅದು ಸುಗ್ಗಿಯ ಕಾಲವಾಗಿತ್ತು; ತೇಲಿಬಂದ ಮರದ ಬೊಡ್ಡೆಯೊಂದೊಂದಕ್ಕೂ ಅವನು ಬಾಲವನ್ನು ಅನುಗ್ರಹಿಸಿದನು.

ಇನ್ನು ಗೃಹಜೀವನ. ಹೊಳೆಯ ಮೇಲೆ ಇಷ್ಟು ಧೀರನಾದವನು ಮನೆಯೊಳಗಿನ ಪ್ರಾಣಿಗಳ ಮಟ್ಟಿಗೆ ಕೇವಲ ಶಾಂತಿಪಕ್ಷದವನು. ಭುಜದ ಮೇಲೆ ಹಲ್ಲಿ ಬಿದ್ದರೆ ಸ್ನಾನಕ್ಕೆ ಮುಂಚೆ ಪಂಚಾಂಗವನ್ನು ಬಿಚ್ಚುತ್ತಾನೆ. ಫಲ ಅನುಕೂಲವಾಗಿದ್ದರೆ ಬಲಭುಜವೆಂದೂ, ಪ್ರತಿಕೂಲವಾಗಿದ್ದರೆ ಬಿದ್ದದ್ದು ತನ್ನ ಮೇಲಲ್ಲ, ಒಣಹಾಕಿದ ಧೋತರದ ಮೇಲೆಂದೂ ನಿಶ್ಚಯಿಸುತ್ತಾನೆ. ಬಚ್ಚಲಿನಲ್ಲಿ ಜಿರಲೆ ಹಾರಿದ ದಿನ ಅವನ ಸ್ನಾನ ಪ್ರೋಕ್ಷಣೆಯಲ್ಲಿಯೇ ಮುಗಿಯುತ್ತದೆ. ಹಿತ್ತಲಿನ ಎಮ್ಮೆ ಇಷ್ಟು ವರ್ಷಗಳ ಸಹವಾಸದ ಮೇಲೂ ಅವನನ್ನು ಕಂಡರೆ ಕೋಡು ತಿರುವುತ್ತದೆ. ಅದಕ್ಕೆ ಅವನ ಕತೆಗಳು ಕಿವಿಗೆ ಬಿದ್ದಿರಬೇಕು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಹನುಮಪ್ಪನಿಗೆಂದು ಒಯ್ದ ತೆಂಗಿನಕಾಯಿಯ ಚೀಲವನ್ನು ಮಂಗವೊಂದು ಯಾವ ಮಾತುಕತೆಯೂ ಇಲ್ಲದೆ ಕಸಿದುಕೊಂಡಾಗ, ಕಿಷ್ಕಿಂಧೆಯಲ್ಲಿ ಕಪಿಗೆ ಕೊಟ್ಟದ್ದು ದೇವರಿಗೇ ಸಂದಂತೆ ಎಂದು ಅವನು ದಾನಶಾಸನವನ್ನು ಬಾಯಲ್ಲಿಯೇ ಬರೆಸಿದನು. ಇದು ಒಪ್ಪತಕ್ಕ ಮಾತೇ. ಆದರೆ ದಾನ ಕೊಟ್ಟವನು ಹಿಂದಿನಿಂದ ನಾಲ್ಕು ಮೆಟ್ಟಿಲು ಅಟ್ಟಿಸಿಕೊಂಡು ಹೋದದ್ದೇಕೆಂಬುದು ತಿಳಿಯದು.

ನಮ್ಮದು ಕಲ್ಲುಬಂಡೆಯ ನಾಡು. ಬೇಸಗೆಯಲ್ಲಿ ಚೇಳು ಅತಿಥಿಯಂತೆ ಬರುತ್ತದೆ. ಒಂದು ರಾತ್ರಿ ಮೃಗಸಾಕ್ಷಿ ಕರಡಿಯ ಹೆಜ್ಜೆಯ ಅಗಲವನ್ನು ನಮಗೆ ಮೊಳಕೈಯಿಂದ ಅಳೆದು ತೋರಿಸುತ್ತಿರುವಾಗ ಅವನ ಚಾಪೆಯ ಅಂಚಿನಲ್ಲಿಯೇ ಕಪ್ಪನೆಯ ಚೇಳೊಂದು ಕೊಂಡಿಯೆತ್ತಿಕೊಂಡು ಬಂದಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಆತನ ಧರ್ಮಪತ್ನಿ ಕೈಯ ಹಿಟ್ಟನ್ನೂ ತೊಳೆಯದೆ ಇಕ್ಕಳವನ್ನು ಹಿಡಿದು ಬಂದು, "ಚೇಳ್ರಿ, ಒಂಚೂರು ಸರೀರಿ" ಎಂದು ಅವನನ್ನು ಸರಿಸಿ, ಅದನ್ನು ಹಿಡಿದೆತ್ತಿ ಹಿತ್ತಲಿನ ಬೇಲಿಯಾಚೆ ಒಗೆದು, ಹೆಂಚಿನ ಮೇಲಿನ ರೊಟ್ಟಿ ಸೀಯುವುದಕ್ಕೆ ಮುಂಚೆ ಒಲೆಯ ಮುಂದೆ ಕುಳಿತಾಗಿತ್ತು. ಮೃಗಸಾಕ್ಷಿ ಅಷ್ಟು ಹೊತ್ತೂ ಕಟ್ಟೆಯ ಮೇಲೆ ನಿಂತಿದ್ದನು. ವಿಚಿತ್ರವೆಂದರೆ, ಈ ಚೇಳಿನ ಸುದ್ದಿಯನ್ನು ಅವನು ಎಂದೂ ಯಾರೊಡನೆಯೂ ಆಡಿದ್ದಿಲ್ಲ. ನಿಜವಾಗಿ ಬಂದ, ನಿಜವಾಗಿ ಕಚ್ಚಬಹುದಾಗಿದ್ದ ಆ ಒಂದು ಪ್ರಾಣಿಯಿಂದ ಅವನ ಕಥಾಕೋಶಕ್ಕೆ ಒಂದು ವಾಕ್ಯವೂ ಸೇರಲಿಲ್ಲ.

ಆತನಿಂದ ಲೋಕಕ್ಕೆ ಕೆಡುಕಿಲ್ಲವೆಂದು ಇಲ್ಲಿಯವರೆಗೆ ಹೇಳಬಹುದಾಗಿತ್ತು. ಕುಷ್ಟಗಿಯ ಸಾಕ್ಷಿಯ ದೆಸೆಯಿಂದ ಹಾಗೆನ್ನಲಾಗುವುದಿಲ್ಲ. ಆ ಕಡೆಯ ಕುರಿಗಾರರಿಗೆ ತೋಳ ಕತೆಯಲ್ಲ. ಹಟ್ಟಿಯಿಂದ ಮರಿಯೊಂದು ಹೋದರೆ ಕುರಿಗಾರ, "ತ್ವಾಳ ಒಯ್ತು" ಎಂಬ ಎರಡು ಮಾತಿನಲ್ಲಿ ನಷ್ಟವನ್ನೂ ಕೋಪವನ್ನೂ ಮುಗಿಸಿ, ಮರುರಾತ್ರಿ ನಾಯಿಗಳನ್ನು ಹತ್ತಿರಕ್ಕೆ ಕಟ್ಟಿ ಮಲಗುತ್ತಾನೆ. ಗಂಗಾವತಿಯ ಕಡೆ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಾಗಿರುವುದನ್ನು ಹೇಳಿದರೆ, "ಇರ್ಲಿ ಬಿಡ್ರಿ, ಅದಕ್ಕೂ ಹೊಟ್ಟಿ ಐತಿ" ಎನ್ನುವ ಕುರಿಗಾರನನ್ನೂ ಕಂಡಿದ್ದೇನೆ. ಆದರೆ ಒಂದು ಕುರಿಯನ್ನೂ ಸಾಕದ ನಮ್ಮ ಸಾಕ್ಷಿ ನಸುಕಿನಲ್ಲಿ ನರಿಯನ್ನೋ ಬೀದಿನಾಯಿಯನ್ನೋ ಕಂಡು, ಅದನ್ನು ಹಿಂಡುತೋಳವನ್ನಾಗಿ ಮಾಡಿ ಊರಿಗೆ ತಂದನೆಂದರೆ, ಹತ್ತು ಜನ ಹುಡುಗರು ದೊಣ್ಣೆ ಹಿಡಿದು ಹೊರಡುತ್ತಾರೆ. ಆಮೇಲೆ ಆಗುವ ಅನಾಹುತಕ್ಕೆ ಅವನು ಸಾಕ್ಷಿಯಾಗಿರುವುದಿಲ್ಲ. ಮೊಸಳೆಯನ್ನು ಎಷ್ಟು ಮೊಳ ಬೇಕಾದರೂ ಬೆಳೆಸಲಿ, ಕೇಳೋಣ. ತೋಳದ ಕತೆಯನ್ನು ಮಾತ್ರ ಕುರಿಗಾರನನ್ನು ಕೇಳದೆ ನಂಬತಕ್ಕದ್ದಲ್ಲ.

ಉಳಿದಂತೆ ಮೃಗಸಾಕ್ಷಿಯ ಸಹವಾಸ ಸುಖಕರವಾದುದು, ಹೊಳೆಯ ಮೇಲಂತೂ ಅವನಿಲ್ಲದೆ ಹೊತ್ತು ಹೋಗುವುದಿಲ್ಲ. ಅವನೊಡನೆ ಹರಗೋಲು ಹತ್ತಲಿರುವ ಓದುಗರಿಗೆ ಒಂದೇ ಸೂಚನೆ: ಬಾಡಿಗೆಯ ಮಾತನ್ನು ಈಚೆಯ ದಡದಲ್ಲಿಯೇ ಮುಗಿಸಿ, ಅವನ ಪಾಲಿನ ಹಣವನ್ನು ಅಲ್ಲಿಯೇ ವಸೂಲು ಮಾಡಿ ಅಂಬಿಗನ ಕೈಗೆ ಕೊಟ್ಟುಬಿಡಿ. ಆಚೆಯ ದಡ ಮುಟ್ಟುವ ಹೊತ್ತಿಗೆ ಅವನಿಗೆ ಹಿಂದುಗಡೆ ನೀರಿನಲ್ಲಿ ಏನೋ ಒಂದು ಕಂಡೇ ಕಾಣುತ್ತದೆ.